ಟರ್ಬೊ ಎಂಜಿನಿಗೆ ಎಂಥ ವಾಯುಮಾಪಕ?

ಮೋಟಾರು ಗಾಡಿಯ ಆಹಾರ ಯಾವುದೆಂದು ಕೇಳಿದರೆ ಪೆಟ್ರೋಲು ಇಲ್ಲವೆ ಡೀಸೆಲು ಎಂದು ಎಲ್ಲರೂ ಉತ್ತರ ಕೊಡುವರು. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರವೇ ಸರಿ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು ೧೪.೭ ಕಿಲೋಗ್ರಾಂ ಗಾಳಿ ಬೇಕು. ನಮ್ಮ ವಿಜಯಪುರದ ಬೇಸಿಗೆಯ ಗಾಳಿಯಲ್ಲಿ ಈ ಲೆಕ್ಕವನ್ನು ಮಾಡಿ ನೋಡಿದರೆ, ಒಂದು ಲೀಟರು ಪೆಟ್ರೋಲಿನ ಜೊತೆಗೆ ಹತ್ತು ಸಾವಿರ ಲೀಟರಿಗೂ ಮಿಕ್ಕ ಗಾಳಿ ಖರ್ಚಾಗುತ್ತದೆಂದು ತಿಳಿಯುತ್ತದೆ. ಬೆಲೆ ತೆತ್ತು ಕೊಳ್ಳುವ ಪೆಟ್ರೋಲಿನ ಲೆಕ್ಕವನ್ನು ಪೈಸೆ ಪೈಸೆಗೂ ಇಡುವ ನಾವು, ಪುಕ್ಕಟೆಯಾಗಿ ದೊರೆಯುವ ಗಾಳಿಯ ಲೆಕ್ಕವನ್ನು ಕೇಳುವುದೇ ಇಲ್ಲ. ಎಂಜಿನಿನ ರೀತಿ ಹಾಗಲ್ಲ. ಅದು ಮೊದಲು ಗಾಳಿಯನ್ನು ಎಣಿಸುತ್ತದೆ. ಆಮೇಲೆ ಅದಕ್ಕೆ ತಕ್ಕಷ್ಟು ಇಂಧನವನ್ನು ಅಳೆದು ಕೊಡುತ್ತದೆ.

ಈ ಎಣಿಕೆಯನ್ನು ಮಾಡುವ ಉಪಕರಣವೇ ವಾಯುಮಾಪಕ. ಗ್ಯಾರೇಜುಗಳಲ್ಲಿ ಇದಕ್ಕೆ ‘ಮ್ಯಾಫ್ ಸೆನ್ಸರ್’ ಎಂದು ಹೆಸರು. ಏರ್ ಫಿಲ್ಟರಿನ ಪೆಟ್ಟಿಗೆಯಿಂದ ಹೊರಟ ಕೊಳವೆಯಲ್ಲಿ ಇದನ್ನು ಕೂರಿಸಿರುತ್ತಾರೆ. ಟರ್ಬೊ ಇರುವ ಗಾಡಿಗಳಲ್ಲಿ ಸಾಮಾನ್ಯವಾಗಿ ಅದರ ಸ್ಥಾನವು ಟರ್ಬೊಗಿಂತ ಮುಂಚೆ. ಮುಂದೆ ಟರ್ಬೊ ಆ ಗಾಳಿಯನ್ನು ಎಷ್ಟೇ ಹಿಂಡಲಿ, ಇಂಟರ್‌ಕೂಲರು ಎಷ್ಟೇ ತಣಿಸಲಿ, ಕೊಳವೆಯಲ್ಲಿ ಸೋರಿಕೆಯಿಲ್ಲದಿದ್ದರೆ ದ್ರವ್ಯರಾಶಿ ಮಾತ್ರ ಬದಲಾಗದು. ಮಾಪಕವು ಅಳೆಯುವುದು ಗಾತ್ರವನ್ನಲ್ಲ, ದ್ರವ್ಯರಾಶಿಯನ್ನು. ಆದುದರಿಂದಲೇ ಅದನ್ನು ಮೊದಲಲ್ಲಿಯೇ ಇಟ್ಟರೂ ಸಾಗುತ್ತದೆ.

ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವುಂಟು. ಸ್ವಿಟ್ಸರ್ಲೆಂಡಿನ ಆಲ್‌ಫ್ರೆಡ್ ಬುಶಿ ಎಂಬ ಎಂಜಿನಿಯರು ೧೯೦೫ರಲ್ಲಿ ಹೊಗೆಯ ಬಲದಿಂದಲೇ ಗಾಳಿಯನ್ನು ತುರುಕುವ ಯಂತ್ರಕ್ಕೆ ಪೇಟೆಂಟು ಪಡೆದಾಗ ಅದು ಹಡಗು, ವಿಮಾನಗಳ ಮಾತಾಗಿತ್ತು. ಈಗ ಟರ್ಬೊ ನಮ್ಮ ಬೀದಿಗೇ ಬಂದಿದೆ. ೨೦೧೭ರಲ್ಲಿ ಟಾಟಾ ನೆಕ್ಸಾನ್, ೨೦೧೯ರಲ್ಲಿ ಹುಂಡೈ ವೆನ್ಯೂ ಮುಂತಾದ ಗಾಡಿಗಳು ಬಂದ ಮೇಲೆ ಒಂದು, ಒಂದೂಕಾಲು ಲೀಟರಿನ ಪುಟ್ಟ ಪೆಟ್ರೋಲ್ ಎಂಜಿನಿಗೂ ಟರ್ಬೊ ಸೇರಿತು. ಡೀಸೆಲ್ ಗಾಡಿಗಳಲ್ಲಂತೂ ಅದು ಎಂದೋ ಸಾಮಾನ್ಯವಾಗಿದೆ. ಇದರ ಜೊತೆಗೆ, ಎಂಜಿನಿನಿಂದ ಇನ್ನಷ್ಟು ಶಕ್ತಿಯನ್ನು ಹಿಂಡಬೇಕೆಂಬ ಹವ್ಯಾಸವೂ ನಮ್ಮ ತರುಣರಲ್ಲಿ ಬೆಳೆದಿದೆ. ಕಾಲೇಜಿನ ಓಣಿಯಲ್ಲಿ ನಮ್ಮನ್ನು ತಡೆದು, “ಸರ್, ಟರ್ಬೊ ಗಾಡಿಗೆ ಯಾವ ಸೆನ್ಸರ್ ಛಲೋ?” ಎಂದು ಕೇಳುವ ವಿದ್ಯಾರ್ಥಿಗಳುಂಟು. ನಮ್ಮ ಅಭಿಪ್ರಾಯದಲ್ಲಿ ಆ ಪ್ರಶ್ನೆಯನ್ನೇ ತಿದ್ದಬೇಕು. ಛಲೋ ಮಾಪಕ, ಕೆಟ್ಟ ಮಾಪಕ ಎಂಬುದು ಆಮೇಲಿನ ಮಾತು. ಗಾಡಿ ಎಷ್ಟು ಗಾಳಿಯನ್ನು ತಿನ್ನುತ್ತದೆ ಎಂಬುದನ್ನು ಮೊದಲು ಹೇಳಬೇಕು. ಅದನ್ನು ಹೇಳಲು ಪಿ.ಯು.ಸಿ.ಯ ಭೌತಶಾಸ್ತ್ರ ಸಾಕು. ಬೆಲೆಪಟ್ಟಿಯೂ ಬೇಡ, ಗೆಳೆಯರ ಶಿಫಾರಸೂ ಬೇಡ.

ಮಾಪಕದ ಒಳಗಿನ ತತ್ತ್ವ ನಮಗೆಲ್ಲ ಪರಿಚಿತವಾದುದೇ. ಬಿಸಿ ಚಹಾವನ್ನು ಬಸಿಗೆ ಸುರಿದು ಊದಿದರೆ ಬೇಗ ಆರುತ್ತದೆ. ಜೋರಾಗಿ ಊದಿದಷ್ಟೂ ಬೇಗ. ಚಹಾದ ಬದಲು ವಿದ್ಯುತ್ತಿನಿಂದ ಕಾಯಿಸಿದ ಪ್ಲಾಟಿನಮ್ ತಂತಿಯೊಂದನ್ನು ಗಾಳಿಯ ದಾರಿಯಲ್ಲಿ ನಿಲ್ಲಿಸಿದೆವೆನ್ನೋಣ. ಗಾಳಿ ಅದನ್ನು ಆರಿಸಲು ಯತ್ನಿಸುತ್ತದೆ. ತಂತಿಯ ಉಷ್ಣತೆ ಸುತ್ತಲಿನ ಗಾಳಿಗಿಂತ ಯಾವಾಗಲೂ ಒಂದು ಗೊತ್ತಾದ ಅಂತರದಷ್ಟು, ಸುಮಾರು ನೂರು ಡಿಗ್ರಿಯಷ್ಟು, ಮೇಲಿರಬೇಕೆಂದು ಮಂಡಲವು ಹಟ ಹಿಡಿದು ಪ್ರವಾಹವನ್ನು ಏರಿಸುತ್ತ ಇಳಿಸುತ್ತ ಇರುತ್ತದೆ. ಆ ಪ್ರವಾಹವೇ ಗಾಳಿಯ ಅಳತೆ. ತಂತಿಯು ವೀಟ್‌ಸ್ಟನ್ ಸೇತುವೆಯ ಒಂದು ತೋಳು. ಗಾಳಿಯ ಉಷ್ಣತೆಯನ್ನು ಅರಿಯುವ ಇನ್ನೊಂದು ತಣ್ಣನೆಯ ರೋಧಕವು ಮತ್ತೊಂದು ತೋಳು. ಪ್ರಯೋಗಶಾಲೆಯಲ್ಲಿ ಅಪರಿಚಿತ ರೋಧವನ್ನು ಕಂಡುಹಿಡಿಯಿರಿ ಎಂದು ನಾವು ವರ್ಷವರ್ಷವೂ ಮಾಡಿಸುವ ಆ ನೀರಸ ಪ್ರಯೋಗವು ಪ್ರತಿಯೊಂದು ಗಾಡಿಯ ಮೂಗಿನಲ್ಲಿ ಹೀಗೆ ಪ್ರಾಣ ಪಡೆದು ಕುಳಿತಿದೆ.

ಗಾಳಿ ತೆಳುವಾದರೆ ತಂತಿಗೆ ತಾಗುವ ಅಣುಗಳು ಕಡಿಮೆ, ಅವು ಹೊತ್ತೊಯ್ಯುವ ಉಷ್ಣವೂ ಕಡಿಮೆ. ಆದಕಾರಣ ಈ ಉಪಕರಣಕ್ಕೆ ಬೇರೆಯಾಗಿ ಎತ್ತರದ ಲೆಕ್ಕ ಹೇಳಬೇಕಾಗಿಲ್ಲ. ಇದಕ್ಕಿಂತ ಹಿಂದಿನ ಗಾಡಿಗಳಲ್ಲಿದ್ದ ಕದವುಳ್ಳ ಮಾಪಕಕ್ಕೆ ಈ ಗುಣವಿರಲಿಲ್ಲ. ಗಾಳಿಯ ರಭಸಕ್ಕೆ ಕದ ಎಷ್ಟು ತೆರೆಯಿತೆಂಬುದನ್ನು ನೋಡುವ ಆ ಬಗೆಗೆ ಉಷ್ಣತೆ ಮತ್ತು ಎತ್ತರಗಳ ತಿದ್ದುಪಡಿ ಬೇಕಾಗಿತ್ತು. ೧೯೮೦ರ ದಶಕದ ಆರಂಭದಲ್ಲಿ ಜರ್ಮನಿಯ ಬಾಷ್ ಸಂಸ್ಥೆಯು ಬಿಸಿತಂತಿಯ ಮಾಪಕವನ್ನು ಕಾರುಗಳಿಗೆ ಅಳವಡಿಸಿತು. ಕೂದಲೆಳೆಯಂಥ, ೭೦ ಮೈಕ್ರೋಮೀಟರು ದಪ್ಪದ ತಂತಿ ಅದು. ಈಗಿನವುಗಳಲ್ಲಿ ತಂತಿಯ ಬದಲು ಚಿಕ್ಕ ಹಾಳೆಯ ಮೇಲೆ ಬಳಿದ ತೆಳುಪದರವಿರುತ್ತದೆ. ಇದೇ ಸಂಸ್ಥೆಯ ಭಾರತೀಯ ಶಾಖೆಯಾಗಿ ೧೯೫೧ರಲ್ಲಿ ಹುಟ್ಟಿ, ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ‘ಮೈಕೋ’ವನ್ನು ನಮ್ಮ ಹಿರಿಯ ಮಿಸ್ತ್ರಿಗಳು ಇಂದಿಗೂ ಅದೇ ಹೆಸರಿನಿಂದ ಕರೆಯುತ್ತಾರೆ; ೨೦೦೮ರಲ್ಲಿ ಅದರ ಹೆಸರು ಬಾಷ್ ಎಂದೇ ಆಯಿತು.

ತಂತಿಯಿಂದ ಗಾಳಿಗೆ ಹೋಗುವ ಉಷ್ಣಕ್ಕೂ ಗಾಳಿಯ ಪ್ರವಾಹಕ್ಕೂ ಇರುವ ಸಂಬಂಧವನ್ನು ೧೯೧೪ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಎಲ್. ವಿ. ಕಿಂಗ್ ಎಂಬವರು ಗಣಿತದಿಂದಲೂ ಪ್ರಯೋಗದಿಂದಲೂ ಸಾಧಿಸಿ ತೋರಿಸಿದರು. ಪ್ರವಾಹವು ನಾಲ್ಕು ಮಡಿಯಾದರೆ ಉಷ್ಣನಷ್ಟವು ನಾಲ್ಕು ಮಡಿಯಾಗದು. ಅದು ಪ್ರವಾಹದ ವರ್ಗಮೂಲವನ್ನು ಅನುಸರಿಸುತ್ತದೆ. ಜೊತೆಗೆ, ನಿಂತ ಗಾಳಿಯಲ್ಲಿಯೂ ಆಗುವ ನಷ್ಟದ ಒಂದು ಸ್ಥಿರಾಂಕ ಸೇರುತ್ತದೆ. ತಂತಿಗೆ ಒದಗಿಸುವ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಸಮಾನುಪಾತದಲ್ಲಿರುವುದರಿಂದ, ವೋಲ್ಟೇಜು ಇನ್ನೂ ಮಂದವಾಗಿ ಏರುತ್ತದೆ. ಗಾಳಿಯಿಲ್ಲದಾಗ ೧ ವೋಲ್ಟು, ಗಂಟೆಗೆ ೪೮೦ ಕಿಲೋಗ್ರಾಂ ಗಾಳಿ ಹರಿದಾಗ ೫ ವೋಲ್ಟು ಕೊಡುವ ಒಂದು ಮಾಪಕವನ್ನು ಊಹಿಸಿಕೊಂಡು ಕಿಂಗ್‌ರ ಸೂತ್ರವನ್ನು ಹಚ್ಚಿ ನೋಡಿರಿ. ಗಂಟೆಗೆ ೧೨೦ ಕಿಲೋಗ್ರಾಂ ಹರಿಯುವಾಗಲೇ ೩.೬ ವೋಲ್ಟು ಬಂದುಬಿಡುತ್ತದೆ. ೨೪೦ಕ್ಕೆ ಸುಮಾರು ೪.೨೪. ಅಲ್ಲಿಂದ ೪೮೦ರವರೆಗಿನ ಇಡೀ ಅರ್ಧಭಾಗಕ್ಕೆ ಉಳಿದದ್ದು ಮುಕ್ಕಾಲು ವೋಲ್ಟು ಮಾತ್ರ! ಟರ್ಬೊ ಎಂಜಿನಿನ ಪೂರ್ಣಬಲವು ಪ್ರಕಟವಾಗುವುದು ಈ ಇಕ್ಕಟ್ಟಿನ ಮೂಲೆಯಲ್ಲಿಯೇ. ಅಲ್ಲಿ ವೋಲ್ಟೇಜಿನಲ್ಲಾಗುವ ಸಣ್ಣ ತಪ್ಪು ಗಾಳಿಯ ಲೆಕ್ಕದಲ್ಲಿ ದೊಡ್ಡ ತಪ್ಪಾಗುತ್ತದೆಂಬುದನ್ನು ವಾಚಕರು ಗಮನದಲ್ಲಿಡಬೇಕು.

ಇನ್ನು ನಮ್ಮೂರಿನ ಲೆಕ್ಕ. ವಿಜಯಪುರವು ಸಮುದ್ರಮಟ್ಟದಿಂದ ಸುಮಾರು ೬೦೦ ಮೀಟರು ಎತ್ತರದಲ್ಲಿದೆ. ಇಲ್ಲಿ ವಾಯುಭಾರ ಸುಮಾರು ೯೪ ಕಿಲೋಪಾಸ್ಕಲ್. ಉಷ್ಣತೆ ೪೨ ಡಿಗ್ರಿಗೇರಿದ ಬೇಸಿಗೆಯ ಮಧ್ಯಾಹ್ನ ಒಂದು ಘನಮೀಟರು ಗಾಳಿ ೧.೦೪ ಕಿಲೋಗ್ರಾಂ ತೂಗುತ್ತದೆ. ೧೨ ಡಿಗ್ರಿಯ ಚಳಿಗಾಲದ ಬೆಳಗಿನಲ್ಲಿ ೧.೧೫. ಮಂಗಳೂರಿನ ಕಡಲದಂಡೆಯಲ್ಲಿ, ೨೫ ಡಿಗ್ರಿಯಲ್ಲಿ, ಒಣಗಾಳಿಯೆಂದು ಎಣಿಸಿದರೆ ೧.೧೮. ಅಂದರೆ ಗೋಳಗುಮ್ಮಟದ ನೆರಳಿನಲ್ಲಿಯೇ ಋತುವಿನಿಂದ ಋತುವಿಗೆ ನೂರಕ್ಕೆ ಹತ್ತು ಪಾಲು ವ್ಯತ್ಯಾಸ.

೧.೨ ಲೀಟರಿನ ಒಂದು ಟರ್ಬೊ ಪೆಟ್ರೋಲ್ ಎಂಜಿನನ್ನು ತೆಗೆದುಕೊಳ್ಳೋಣ. ಅದು ನಿಮಿಷಕ್ಕೆ ೫೫೦೦ ಸಲ ತಿರುಗುತ್ತಿರಲಿ. ನಾಲ್ಕು ಹೊಡೆತದ ಎಂಜಿನು ಎರಡು ಸುತ್ತಿಗೊಮ್ಮೆ ಉಸಿರೆಳೆಯುವುದರಿಂದ ಸೆಕೆಂಡಿಗೆ ೫೫ ಲೀಟರು ಜಾಗವನ್ನು ತುಂಬಬೇಕು. ಟರ್ಬೊ ಇಲ್ಲದಿದ್ದರೆ, ನೂರಕ್ಕೆ ತೊಂಬತ್ತರಷ್ಟು ತುಂಬುತ್ತದೆಂದು ಎಣಿಸಿ, ಸೆಕೆಂಡಿಗೆ ಸುಮಾರು ೫೧ ಗ್ರಾಂ ಗಾಳಿ. ಟರ್ಬೊ ಅದೇ ಗಾಳಿಯನ್ನು ೧೯೦ ಕಿಲೋಪಾಸ್ಕಲ್ ಒತ್ತಡಕ್ಕೆ ಹಿಂಡಿತು, ಇಂಟರ್‌ಕೂಲರು ಅದನ್ನು ೬೦ ಡಿಗ್ರಿಗೆ ತಣಿಸಿತು ಎನ್ನಿ. ಆಗ ಸಾಂದ್ರತೆ ೧.೯೯, ಸೆಕೆಂಡಿಗೆ ೯೮ ಗ್ರಾಂ, ಅಂದರೆ ಗಂಟೆಗೆ ಸುಮಾರು ೩೫೪ ಕಿಲೋಗ್ರಾಂ. ಇದೇ ಗಾಡಿ ಸಿಗ್ನಲ್ಲಿನಲ್ಲಿ ನಿಂತಲ್ಲೇ ಗುರುಗುಟ್ಟುತ್ತಿರುವಾಗ ತಿನ್ನುವುದು ಗಂಟೆಗೆ ಸುಮಾರು ೯ ಕಿಲೋಗ್ರಾಂ. ಒಂದಕ್ಕೂ ಇನ್ನೊಂದಕ್ಕೂ ನಲವತ್ತು ಮಡಿ ಅಂತರ! ಚಿನಿವಾರನ ತಕ್ಕಡಿಯಲ್ಲಿಯೇ ಹತ್ತಿಯ ಅಂಡಿಗೆಯನ್ನೂ ತೂಗಿರಿ ಎಂದಂತಾಯಿತು. ಟರ್ಬೊ ಇಲ್ಲದ ಎಂಜಿನಿನಲ್ಲಿ ಈ ಅಂತರ ಅದರ ಅರ್ಧದಷ್ಟು. ಆದುದರಿಂದಲೇ ಅಲ್ಲಿ ಆಯ್ಕೆ ಇಷ್ಟು ಕಠಿಣವಲ್ಲ.

ಬಾಷ್‌ನ ತೆಳುಪದರದ ಮಾಪಕಗಳ ಒಂದು ಪ್ರಸಿದ್ಧ ಶ್ರೇಣಿಯು ಗಂಟೆಗೆ ೩೭೦, ೪೮೦, ೬೪೦, ೮೫೦, ೧೦೦೦ ಕಿಲೋಗ್ರಾಂ ಮೇಲ್ಮಿತಿಯ ಐದು ಅಳತೆಗಳಲ್ಲಿ ಬಂದಿತು. ಅಂಗಡಿಗೆ ಹೋದ ತರುಣನು ಸಾವಿರದ್ದನ್ನೇ ಕೇಳುತ್ತಾನೆ. ಆದರೆ ಮೇಲ್ಮಿತಿಯಂತೆ ಕೆಳಮಿತಿಯೂ ಉಂಟೆಂಬುದನ್ನು ಪಟ್ಟಿಯಲ್ಲಿ ಓದುವವರು ವಿರಳ: ೩೭೦ರದಕ್ಕೆ ೮, ೪೮೦ರದಕ್ಕೆ ೧೦, ಸಾವಿರದ್ದಕ್ಕೆ ೧೫. ನಮ್ಮ ಎಂಜಿನು ನಿಂತಲ್ಲಿ ತಿನ್ನುವ ೯ ಕಿಲೋಗ್ರಾಮನ್ನು ಸಾವಿರದ ಮಾಪಕವು ನೆಚ್ಚುವಂತೆ ಅಳೆಯಲಾರದು. ೩೭೦ರದು ಅಳೆಯುತ್ತದೆ; ಆದರೆ ಪೂರ್ಣಬಲದ ೩೫೪ಕ್ಕೆ ಅದರಲ್ಲಿ ಉಸಿರಾಡಲು ಎಡೆಯಿಲ್ಲ. ನಾವಾದರೆ ೪೮೦ರದನ್ನು ಆರಿಸುತ್ತೇವೆ. ಮೇಲೆ ಕಾಲುಭಾಗಕ್ಕೂ ಹೆಚ್ಚು ಅವಕಾಶ ದೊರೆಯುತ್ತದೆ. ಕೆಳಗೆ ಕೊಂಚ ಕೊರತೆಯಾದರೂ, ನಿಂತಾಗಿನ ಮಿಶ್ರಣವನ್ನು ಹೊಗೆಕೊಳವೆಯ ಆಮ್ಲಜನಕ ಸಂವೇದಕವು ತಿದ್ದಿಕೊಡುತ್ತದೆ. ಕೆಳಗಿನ ತಪ್ಪಿನಿಂದ ಗಾಡಿ ತೊದಲೀತು; ಮೇಲಿನ ತಪ್ಪಿನಿಂದ ಎಂಜಿನೇ ಹೋದೀತು. ಈ ಎರಡರಲ್ಲಿ ಯಾವುದನ್ನು ಸಹಿಸಬೇಕೆಂಬುದಕ್ಕೆ ಹೆಚ್ಚಿನ ಚರ್ಚೆ ಬೇಡ.

ಎಂಜಿನು ಹೋಗುವುದು ಹೇಗೆ? ೩೭೦ರ ಮಾಪಕವಿರುವ ಈ ಗಾಡಿಗೆ ಒಬ್ಬನು ಟರ್ಬೊದ ಒತ್ತಡವನ್ನು ೨೩೫ ಕಿಲೋಪಾಸ್ಕಲ್‌ಗೆ ಏರಿಸುತ್ತಾನೆಂದು ಭಾವಿಸಿರಿ. ಗಾಳಿಯೂ ಇನ್ನಷ್ಟು ಬಿಸಿಯಾಗುವುದನ್ನು ಲೆಕ್ಕಕ್ಕೆ ಹಿಡಿದರೆ ಈಗಿನ ಬೇಡಿಕೆ ಗಂಟೆಗೆ ಸುಮಾರು ೪೩೨ ಕಿಲೋಗ್ರಾಂ. ಮಾಪಕದ ಸೂಚಿ ೩೭೦ರಲ್ಲಿಯೇ ಕಂಬಕ್ಕೆ ಕಟ್ಟಿದಂತೆ ನಿಂತುಬಿಡುತ್ತದೆ. ಗಾಡಿಯ ಗಣಕವು ಪೂರ್ಣಬಲದಲ್ಲಿ ೧೨.೫ ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು ಕೊಡಬೇಕೆಂದು ಗೊತ್ತುಮಾಡಿಕೊಂಡಿದೆ. ಹೆಚ್ಚಿನ ಪೆಟ್ರೋಲು ಆವಿಯಾಗುತ್ತ ಒಳಗನ್ನು ತಣಿಸಲಿ ಎಂಬುದು ಅದರ ಉದ್ದೇಶ. ೩೭೦ಕ್ಕೆ ಸರಿಯಾಗಿ ಕೊಟ್ಟ ಪೆಟ್ರೋಲು ೪೩೨ ಗಾಳಿಗೆ ಹಂಚಿಹೋದಾಗ ಪ್ರಮಾಣವು ೧೪.೬ಕ್ಕೆ ಏರುತ್ತದೆ. ಸಾವಧಾನವಾಗಿ ಓಡುವಾಗ ಈ ಪ್ರಮಾಣ ನಿರಪಾಯಕರ. ಎರಡೂವರೆ ಪಟ್ಟು ವಾಯುಭಾರವನ್ನು ಸಿಲಿಂಡರಿಗೆ ತುರುಕಿದಾಗ ಅದೇ ಪ್ರಮಾಣವು ಘಾತಕ. ಮಿಶ್ರಣವು ಕಿಡಿಯ ಅಪ್ಪಣೆಯನ್ನು ಕಾಯದೆ ತಾನಾಗಿ ಸಿಡಿಯುತ್ತದೆ. ಎಂಜಿನು ಒಳಗಿನಿಂದ ಬಡಿಯುತ್ತದೆ. ಅಲ್ಯೂಮಿನಿಯಮಿನ ಪಿಸ್ಟನ್ ಕರಗಿ ತೂತಾಗಲು ಹೆಚ್ಚು ಹೊತ್ತು ಹಿಡಿಯದು. ಸೊಲ್ಲಾಪುರ ರಸ್ತೆಯ ನೇರ ಹಾದಿಯಲ್ಲಿ ಕಾಲನ್ನು ಒತ್ತಿಹಿಡಿದ ಕೆಲವೇ ಕ್ಷಣಗಳಲ್ಲಿ ಒಂದು ಕುಟುಂಬದ ಸಾಲದ ಗಾಡಿ ಗುಜರಿಯ ಪಾಲಾಗಬಹುದು. ಒತ್ತಡವನ್ನು ಏರಿಸುವುದೇ ನಿಶ್ಚಯವಾದರೆ ೪೮೦ರದೂ ಸಾಲದು. ೬೪೦ರ ಮಾಪಕವೂ, ಅದರ ವಕ್ರರೇಖೆಯನ್ನು ಗಣಕಕ್ಕೆ ಬರೆದುಕೊಡಬಲ್ಲ ಕುಶಲನೂ ಬೇಕು. ಇವೆರಡೂ ಇಲ್ಲದಿದ್ದರೆ ಒತ್ತಡವನ್ನು ಮುಟ್ಟಬಾರದು.

ಇಲ್ಲಿ ಪ್ರಚಾರದಲ್ಲಿರುವ ಒಂದು ಉಪಾಯವನ್ನು ಬಲವಾಗಿ ವಿರೋಧಿಸುವುದು ನಮ್ಮ ಕರ್ತವ್ಯವೆಂದು ತಿಳಿಯುತ್ತೇವೆ. ಮೂಲ ಮಾಪಕವನ್ನೇ ಕಿತ್ತು ದೊಡ್ಡ ಕೊಳವೆಯಲ್ಲಿ ಕೂರಿಸುವುದು ಆ ಉಪಾಯ. ೬೦ ಮಿಲಿಮೀಟರಿನ ಕೊಳವೆಯಿಂದ ೭೦ಕ್ಕೆ ಹೋದರೆ ಅಡ್ಡಕೊಯ್ತದ ವಿಸ್ತೀರ್ಣ ೧.೩೬ ಮಡಿಯಾಗುತ್ತದೆ, ಗಾಳಿಯ ವೇಗವು ಅಷ್ಟೇ ತಗ್ಗುತ್ತದೆ, ಮಾಪಕವು ನೂರಕ್ಕೆ ಎಪ್ಪತ್ತಮೂರನ್ನು ಮಾತ್ರ ಎಣಿಸುತ್ತದೆ. ಕೊರತೆಯನ್ನು ತುಂಬಲು ದೊಡ್ಡ ಇಂಜೆಕ್ಟರು ಹಾಕಿದರಾಯಿತು, ತಪ್ಪಿಗೆ ತಪ್ಪು ವಜಾ ಎಂದು ವಾದಿಸುವವರಿದ್ದಾರೆ. ಪೆಟ್ರೋಲಿನ ಮಟ್ಟಿಗೆ ವಜಾ ಆಗಬಹುದು. ಆದರೆ ಗಣಕವು ಗಾಳಿಯ ಆ ಅಂಕಿಯಿಂದ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಕಿಡಿ ಹಾರಿಸಬೇಕಾದ ಗಳಿಗೆಯನ್ನು ಗೊತ್ತುಮಾಡುತ್ತದೆ. ಗಾಳಿ ಕಡಿಮೆಯೆಂದರೆ ಹೊರೆ ಹಗುರವೆಂದು ತಿಳಿದು ಅದು ಕಿಡಿಯನ್ನು ಮುಂಚಿತವಾಗಿ ಹಾರಿಸುತ್ತದೆ. ಹೊರೆ ನಿಜವಾಗಿ ಭಾರವಾಗಿರುವಾಗ ಕಿಡಿ ಮುಂಚೆ ಹಾರಿದರೆ ಮತ್ತೆ ಅದೇ ಬಡಿತ, ಅದೇ ಪಿಸ್ಟನ್ನಿನ ತೂತು.

ಇಷ್ಟು ಅಪಾಯಕ್ಕೆ ಒಳಗಾಗಿ ದೊಡ್ಡ ಕೊಳವೆಯಿಂದ ಗಳಿಸುವುದಾದರೂ ಏನು? ಗಾಳಿಗೆ ಅಡ್ಡಿ ಕಡಿಮೆಯಾಗುತ್ತದೆ ಎನ್ನುವರು. ಅದನ್ನೂ ಲೆಕ್ಕ ಹಾಕೋಣ. ಸೆಕೆಂಡಿಗೆ ೯೮ ಗ್ರಾಂ ಗಾಳಿ ೬೦ ಮಿಲಿಮೀಟರಿನ ಕೊಳವೆಯಲ್ಲಿ ಹರಿಯುವಾಗ ವೇಗ ಸೆಕೆಂಡಿಗೆ ೩೩ ಮೀಟರು. ಬರ್ನೂಲಿಯ ಸೂತ್ರದಂತೆ ಆ ವೇಗಕ್ಕೆ ತಕ್ಕ ಒತ್ತಡ ಸುಮಾರು ೫೭೫ ಪಾಸ್ಕಲ್. ಅಷ್ಟಕ್ಕಷ್ಟೂ ನಷ್ಟವಾಯಿತೆಂದೇ ಹಿಡಿದರೂ ೯೪ ಸಾವಿರದಲ್ಲಿ ಅದು ನೂರಕ್ಕೆ ೦.೬. ಬಬಲೇಶ್ವರದ ಹೊಲದ ರಸ್ತೆಯಲ್ಲಿ ಓಡಾಡಿ ಎರೆಮಣ್ಣಿನ ಧೂಳು ಗಟ್ಟಿಯಾಗಿ ಕೂತ ಏರ್ ಫಿಲ್ಟರು ಇದಕ್ಕಿಂತ ಹೆಚ್ಚನ್ನು ಕಸಿದುಕೊಳ್ಳುತ್ತದೆ. ಕೆಲವು ನೂರು ರೂಪಾಯಿಯ ಫಿಲ್ಟರನ್ನು ಬದಲಾಯಿಸದೆ ಸಾವಿರಾರು ರೂಪಾಯಿಯ ಕೊಳವೆಯನ್ನು ಕೊಳ್ಳುವುದು ಯಾವ ಜಾಣತನ?

ಧೂಳಿನ ಮಾತು ಬಂದುದರಿಂದ ಡೀಸೆಲ್ ಗಾಡಿಯ ಸಂಗತಿಯನ್ನೂ ಹೇಳಬೇಕು. ತಿಕೋಟಾ ಭಾಗದಿಂದ ದ್ರಾಕ್ಷಿ, ಒಣದ್ರಾಕ್ಷಿಗಳನ್ನು ಹೊತ್ತು ಸಾಗುವ ಟರ್ಬೊ ಡೀಸೆಲ್ ಗಾಡಿಗಳಲ್ಲಿ ವಾಯುಮಾಪಕದ ಕೆಲಸ ಬೇರೆ ಬಗೆಯದು. ಎಷ್ಟು ಹೊಗೆಯನ್ನು ಮರಳಿ ಎಂಜಿನಿಗೆ ಬಿಡಬೇಕೆಂಬುದನ್ನೂ, ಹೊಗೆ ಕಪ್ಪಾಗದಂತೆ ಡೀಸೆಲನ್ನು ಎಷ್ಟರಲ್ಲಿ ತಡೆಯಬೇಕೆಂಬುದನ್ನೂ ಅದರ ಅಂಕಿಯನ್ನು ನೋಡಿ ಗಣಕವು ನಿರ್ಧರಿಸುತ್ತದೆ. ಮಾಪಕದ ಮೇಲೆ ಧೂಳು ಕೂತರೆ ಅದು ಕಂಬಳಿ ಹೊದ್ದಂತೆ. ಉಷ್ಣ ಹೊರಗೆ ಹೋಗದು. ಗಾಳಿ ಕಡಿಮೆಯೆಂಬ ವರದಿ ಹೋಗುತ್ತದೆ. ಗಣಕವು ಡೀಸೆಲನ್ನು ಕಡಿತ ಮಾಡುತ್ತದೆ. ಗಾಡಿ ಏರಿಯಲ್ಲಿ ಎಳೆಯದು. ಆಗ ಯಾರೋ ಬಂದು ಮಾಪಕದ ವಯರನ್ನೇ ಕಿತ್ತುಬಿಡುತ್ತಾರೆ. ಗಣಕವು ವರದಿಯಿಲ್ಲವೆಂದು ತನ್ನಲ್ಲಿರುವ ಕಾಯಂ ಅಂಕಿಯನ್ನು ಹಿಡಿಯುತ್ತದೆ, ಗಾಡಿ ಮೊದಲಿಗಿಂತ ಚೆನ್ನಾಗಿ ಎಳೆಯುತ್ತದೆ, ಮಾಪಕವೇ ಅನಾವಶ್ಯಕ ವಸ್ತುವೆಂಬ ತೀರ್ಮಾನವಾಗುತ್ತದೆ! ಗಡಿಯಾರ ಹಿಂದೆ ಬೀಳುತ್ತದೆಂದು ಅದನ್ನು ಒಡೆದುಹಾಕಿ ಹಸಿವೆಯನ್ನು ನೋಡಿ ಹೊತ್ತು ಹೇಳಿದಂತೆ ಇದು. ೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ೬ರ ನಿಯಮಗಳು ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳಿಗೆ ಬಿಗಿಯಾದ ಮಿತಿಯನ್ನು ಹಾಕಿವೆ. ಆ ವಯರನ್ನು ಕಿತ್ತರೆ ಹೊಗೆಯನ್ನು ಮರಳಿಸುವ ಏರ್ಪಾಡೇ ಕೆಡುತ್ತದೆ. ಅದರ ಫಲವನ್ನು ಉಸಿರಾಡುವವರು ಗಾಂಧಿಚೌಕದಲ್ಲಿ ನಡೆದುಹೋಗುವ ಜನರು.

ಬಿಸಿತಂತಿಯ ಹಳೆಯ ಮಾಪಕಗಳು ಗಾಡಿಯನ್ನು ನಿಲ್ಲಿಸಿದ ಮೇಲೆ ತಂತಿಯನ್ನು ಒಂದು ಸೆಕೆಂಡು ಸಾವಿರ ಡಿಗ್ರಿಗೆ ಕಾಯಿಸಿ ಕೊಳೆಯನ್ನು ತಾವೇ ಸುಟ್ಟುಕೊಳ್ಳುತ್ತಿದ್ದುವು. ತೆಳುಪದರದವುಗಳಿಗೆ ಆ ಸೌಕರ್ಯವಿಲ್ಲ. ಧೂಳು ತಾಗದಂತೆ ಗಾಳಿಯ ದಾರಿಯನ್ನೇ ಬಳಸಾಗಿ ರಚಿಸಿದ್ದಾರೆ. ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರುಗಳನ್ನು ನಮ್ಮಂಥ ಧೂಳಿನ ನಾಡಿನಲ್ಲಿ ನಾವು ಒಪ್ಪುವುದಿಲ್ಲ. ಹೆಚ್ಚಾದ ಎಣ್ಣೆ ಹಾರಿ ಮಾಪಕಕ್ಕೆ ಅಂಟುತ್ತದೆ. ಅಂಟಿದ ಎಣ್ಣೆಗೆ ಧೂಳು ಅಂಟುತ್ತದೆ.

ಮಾಪಕವನ್ನು ಇಡುವ ಸ್ಥಳವೂ ಆಯ್ಕೆಯ ಒಂದು ಭಾಗವೇ. ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಒಂದು ಚಪ್ಪಾಳೆ ಎಷ್ಟು ಸಲ ಮರಳಿ ಬರುತ್ತದೆಂಬುದನ್ನು ಕೇಳದವರು ನಮ್ಮೂರಲ್ಲಿಲ್ಲ. ಎಂಜಿನಿನ ಕವಾಟಗಳು ತೆರೆದು ಮುಚ್ಚುವಾಗ ಏಳುವ ಒತ್ತಡದ ಅಲೆಗಳೂ ಕೊಳವೆಯಲ್ಲಿ ಹೀಗೆಯೇ ಹಿಂದೆ ಮುಂದೆ ಓಡಾಡುತ್ತವೆ. ಸಿಲಿಂಡರುಗಳು ಕಡಿಮೆಯಾದಷ್ಟೂ ಅಲೆ ಒರಟು. ಗಾಳಿ ಯಾವ ದಿಕ್ಕಿಗೆ ಹೋಯಿತೆಂಬುದು ಬರಿಯ ತಂತಿಗೆ ತಿಳಿಯದು. ಹಿಂದೆ ಬಂದುದನ್ನೂ ಮುಂದೆ ಹೋದುದೆಂದೇ ಎಣಿಸುತ್ತದೆ. ಬಿಸಿಯಾದ ಜಾಗದ ಎರಡೂ ಪಕ್ಕಗಳಲ್ಲಿ ಉಷ್ಣತೆಯನ್ನು ನೋಡುವ ಹೊಸ ಬಗೆಯ ಮಾಪಕವು ದಿಕ್ಕನ್ನು ಗುರುತಿಸುತ್ತದೆ. ಮೂರು ಸಿಲಿಂಡರಿನ ಎಂಜಿನಿಗೆ ಅಂಥದೇ ಬೇಕೆಂಬುದು ನಮ್ಮ ಮತ. ಅದನ್ನು ಕೊಳವೆಯ ಬಾಗಿನಲ್ಲಿ ಕೂರಿಸದೆ ನೇರವಾದ ಭಾಗದಲ್ಲಿ ಕೂರಿಸಬೇಕು. ಮುಂದಿರುವ ಜಾಲರಿ ಅಂದಕ್ಕಾಗಿ ಇಟ್ಟದ್ದಲ್ಲ, ಸುಳಿಯನ್ನು ಮುರಿಯಲು ಇಟ್ಟದ್ದು, ಅದನ್ನು ಕೀಳಬಾರದು.

ಕಾಲು ಸಡಿಲಿಸಿದಾಗ ‘ಬುಸ್ಸ್’ ಎಂದು ಸದ್ದು ಮಾಡುವ ಬ್ಲೋ-ಆಫ್ ವಾಲ್ವಿನ ಮೋಹವನ್ನೂ ಇಲ್ಲಿಯೇ ಹೇಳಿಬಿಡುವೆವು. ಮಾಪಕದಲ್ಲಿ ಎಣಿಕೆಯಾಗಿ ಒಳಹೋದ ಗಾಳಿಯನ್ನು ಆ ವಾಲ್ವು ಬಯಲಿಗೆ ಬಿಟ್ಟುಬಿಡುತ್ತದೆ. ಗಣಕವು ಆ ಗಾಳಿಗೂ ಪೆಟ್ರೋಲು ಕೊಟ್ಟಿರುತ್ತದೆ. ಕರಿಹೊಗೆ, ಮುಗ್ಗರಿಕೆ, ಕೆಲವೊಮ್ಮೆ ಎಂಜಿನು ಬಂದ್. ಮಾಪಕವುಳ್ಳ ಗಾಡಿಯಲ್ಲಿ ಆ ಗಾಳಿಯನ್ನು ಟರ್ಬೊದ ಮುಂದಕ್ಕೇ ಮರಳಿಸಬೇಕು; ಸದ್ದು ಬರುವುದಿಲ್ಲ, ಅಷ್ಟೆ.

ವಾಯುಮಾಪಕವೇ ಬೇಕೆ ಎಂದು ಕೇಳುವವರೂ ಉಂಟು. ಅನೇಕ ಟರ್ಬೊ ಪೆಟ್ರೋಲ್ ಎಂಜಿನುಗಳಲ್ಲಿ ತಯಾರಕರೇ ಇದನ್ನು ಬಿಟ್ಟು, ಒಳಹಾದಿಯ ಒತ್ತಡ ಮತ್ತು ಉಷ್ಣತೆಗಳಿಂದ ಗಾಳಿಯನ್ನು ಲೆಕ್ಕ ಹಾಕುವ ಕ್ರಮವನ್ನು ಹಿಡಿದಿದ್ದಾರೆ. ನಾವು ಮೇಲೆ ಮಾಡಿದ ೩೫೪ರ ಲೆಕ್ಕವೇ ಆ ಕ್ರಮ. ಗಣಕವು ಅದನ್ನು ಸುತ್ತುಸುತ್ತಿಗೂ ಮಾಡುತ್ತದೆ. ಅಲ್ಲಿ ‘ನೂರಕ್ಕೆ ತೊಂಬತ್ತು’ ಎಂದು ನಾವು ಸಲೀಸಾಗಿ ಊಹಿಸಿದ ಅಂಕಿಗೆ ಅವರು ಪ್ರತಿಯೊಂದು ವೇಗದಲ್ಲಿಯೂ, ಪ್ರತಿಯೊಂದು ಒತ್ತಡದಲ್ಲಿಯೂ ಎಂಜಿನನ್ನು ಓಡಿಸಿ ಪಟ್ಟಿ ಮಾಡಿದ್ದಾರೆ. ಆ ಪಟ್ಟಿ ಆ ಎಂಜಿನಿಗೆ ಮಾತ್ರ. ಅಂಥ ಗಾಡಿಗೆ ವಾಯುಮಾಪಕವನ್ನು ಹೊಸದಾಗಿ ತಗಲಿಸುವುದು ವ್ಯರ್ಥ. ಇರುವ ಗಾಡಿಯಿಂದ ಅದನ್ನು ಕೀಳುವುದು ಅಪಾಯ.

ಅಂಗಡಿಯಲ್ಲಿ ಮಾಪಕವನ್ನು ಕೊಳ್ಳುವಾಗ ನಮ್ಮ ಕಟ್ಟಳೆ ಒಂದೇ: ಗಾಳಿಗೂ ವೋಲ್ಟೇಜಿಗೂ ಇರುವ ಸಂಬಂಧದ ಪಟ್ಟಿಯನ್ನು ಕೊಡದವನಿಂದ ಕೊಳ್ಳಬಾರದು. ಮೂಲದ್ದಕ್ಕೆ ಅಚ್ಚೊತ್ತಿದಂತೆ ಕಾಣುವ ಅಗ್ಗದ ಮಾಪಕಗಳು ಧಾರಾಳವಾಗಿ ದೊರೆಯುತ್ತವೆ. ಹೊರಮೈ ಒಂದೇ, ಒಳಗಿನ ವಕ್ರರೇಖೆ ಬೇರೆ. ಗೆರೆಗಳಿಲ್ಲದ ಅಳತೆಪಟ್ಟಿಯನ್ನು ಯಾರೂ ಕೊಳ್ಳುವುದಿಲ್ಲವಷ್ಟೆ. ಮತ್ತೊಂದು ಮಾತನ್ನು ಕಾಯಿದೆಯ ದೃಷ್ಟಿಯಿಂದ ಹೇಳಬೇಕಾಗಿದೆ. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಕಲಮು ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಕೆಟ್ಟ ಮಾಪಕದ ಬದಲು ಅದೇ ಮಾದರಿಯದನ್ನು ಹಾಕುವುದು ಬೇರೆ. ಎಂಜಿನಿನ ಸ್ವರೂಪವನ್ನೇ ಬದಲಿಸುವುದು ಬೇರೆ. ಕಾಲೇಜುಗಳ ಸ್ಪರ್ಧೆಗಾಗಿ ಕಟ್ಟುವ, ಸಾರ್ವಜನಿಕ ರಸ್ತೆಗೆ ಇಳಿಯದ ಗಾಡಿಯೇ ಇಂಥ ಪ್ರಯೋಗಗಳಿಗೆ ತಕ್ಕ ಸ್ಥಳ.

ಇಷ್ಟೆಲ್ಲ ಭೌತಶಾಸ್ತ್ರವಿರುವ ವಸ್ತುವನ್ನು ನಮ್ಮ ತರಗತಿಗಳು ಮುಟ್ಟದಿರುವುದು ವಿಷಾದಕರ. ಕೊಳ್ಳಲು ಹಣವಿಲ್ಲವೆಂಬ ನೆಪ ಇಲ್ಲಿ ನಿಲ್ಲದು. ಆರು ವೋಲ್ಟಿನ ಟಾರ್ಚು 'ಬಲ್ಬ'ನ್ನು ಬಟ್ಟೆಯಲ್ಲಿ ಸುತ್ತಿ, ಅಧ್ಯಾಪಕರ ಎದುರಿನಲ್ಲಿ ಗಾಜನ್ನು ಜಾಗರೂಕತೆಯಿಂದ ಒಡೆದು ತೆಗೆದರೆ ಟಂಗ್‌ಸ್ಟನ್ ತಂತಿ ದೊರೆಯುತ್ತದೆ. ಅದನ್ನು ವೀಟ್‌ಸ್ಟನ್ ಸೇತುವೆಯ ಒಂದು ತೋಳಿನಲ್ಲಿ ಇಟ್ಟು, ಕೆಂಪಗಾಗದಷ್ಟು ಮಾತ್ರ ಪ್ರವಾಹವನ್ನು ಕೊಡಬೇಕು. ಬಯಲು ಗಾಳಿಯಲ್ಲಿ ಕೆಂಪಗಾದರೆ ತಂತಿ ಸುಟ್ಟುಹೋಗುತ್ತದೆ. ನಿಂತ ಗಾಳಿಯಲ್ಲಿ ಸೇತುವೆಯನ್ನು ಸಮತೋಲನಕ್ಕೆ ತಂದು, ಆಮೇಲೆ ಮೇಜಿನ ಪಂಖೆಯನ್ನು ಬೇರೆ ಬೇರೆ ದೂರಗಳಲ್ಲಿಟ್ಟು ಬೀಸಿರಿ. ಪ್ರತಿಸಲವೂ ತಂತಿಯ ರೋಧವನ್ನು ಮೊದಲಿನ ಬೆಲೆಗೆ ತರಲು ಎಷ್ಟು ವೋಲ್ಟೇಜು ಬೇಕಾಯಿತೆಂದು ಬರೆದುಕೊಳ್ಳಿರಿ. ವೋಲ್ಟೇಜಿನ ವರ್ಗವನ್ನು ಗಾಳಿಯ ವೇಗದ ವರ್ಗಮೂಲಕ್ಕೆ ಎದುರಾಗಿ ಗುರುತಿಸಿದರೆ ಹೆಚ್ಚುಕಡಿಮೆ ಸರಳರೇಖೆ ಬರಬೇಕು. ೧೯೧೪ರ ಕಿಂಗ್‌ರ ಸೂತ್ರ ನಿಮ್ಮ ಗ್ರಾಫ್ ಕಾಗದದ ಮೇಲೆ ಮೂಡಿರುತ್ತದೆ.

ಮನೆಯಲ್ಲಿ ವಾಯುಮಾಪಕವುಳ್ಳ ಗಾಡಿಯಿದ್ದವರು ಇನ್ನೊಂದು ಪರೀಕ್ಷೆಯನ್ನು ಮಾಡಬಹುದು. ಗಾಡಿಯ ಗಣಕಕ್ಕೆ ಸಿಕ್ಕಿಸಿ ಫೋನಿನಲ್ಲಿ ಅಂಕಿಗಳನ್ನು ಓದುವ ಸಣ್ಣ ಉಪಕರಣ ಈಗ ಅಗ್ಗವಾಗಿ ದೊರೆಯುತ್ತದೆ. ಎಂಜಿನು ಬಿಸಿಯಾದ ಮೇಲೆ, ಏ.ಸಿ.ಯನ್ನು ಆರಿಸಿ, ನಿಂತಲ್ಲಿಯೇ ಓಡಿಸಿ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿಯೆಂದು ನೋಡಿರಿ. ಪೆಟ್ರೋಲ್ ಎಂಜಿನಿನಲ್ಲಿ ಲೀಟರಿಗೆ ಎರಡು ಗ್ರಾಮಿನ ಸುತ್ತುಮುತ್ತ ಬರಬೇಕು. ಡೀಸೆಲ್ ಎಂಜಿನಿನಲ್ಲಿ ಹೊಗೆಯನ್ನು ಮರಳಿಸುವ ಏರ್ಪಾಡಿನಿಂದ ಅಂಕಿ ಏರಿಳಿಯುವುದರಿಂದ ಈ ಲೆಕ್ಕ ಅಲ್ಲಿಗೆ ಹೊಂದದು. ಏರ್ ಫಿಲ್ಟರನ್ನು ಬದಲಾಯಿಸಿದ ದಿನವೇ ಆ ಅಂಕಿಯನ್ನು ಒಂದು ವಹಿಯಲ್ಲಿ ಬರೆದಿಟ್ಟು, ಮುಂದಿನ ಬೇಸಿಗೆಯ ಧೂಳು ಕಳೆದ ಮೇಲೆ ಮತ್ತೊಮ್ಮೆ ನೋಡಿರಿ.